ಹದಿನಾರನೇ ಮನೆ

12 ಫೆಬ್ರುವರಿ 1990, ಸೋಮವಾರ. ಲಿಂಗಸುಗೂರು

ಆಫೀಸಿಗೆ ಕಂಪ್ಯೂಟರ್ ಬಂತು. ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದರು. ಕಾಯಿನೀರು ಕೀಲಿಮಣೆಯ ಮೇಲೆ ಬೀಳುವುದರಲ್ಲಿತ್ತು, ನಾನು ಕೈ ಅಡ್ಡ ಹಿಡಿದೆ. ನೀರೆಲ್ಲ ನನ್ನ ಸೀರೆಯ ಮೇಲೆ. ಚಪ್ಪಲಿ ಹೊರಗೇ ಬಿಡಬೇಕೆಂದು ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ. ಹೀಗಾಗಿ ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ಈಗ ಹತ್ತು ಜನರ ಕಾಲಿನ ವಾಸನೆ.

ಯೋಜನಾಧಿಕಾರಿ ಮೈಲಾರಲಿಂಗಪ್ಪನವರು ಪರದೆಯನ್ನು ಬೆರಳಿನಿಂದ ತಟ್ಟಿ, ಬೆರಳಿನ ಎಣ್ಣೆಯನ್ನು ಅಲ್ಲೇ ಬಿಟ್ಟು, "ಶೇಖರಮ್ಮ, ನೀವು ಹೈದರಾಬಾದಿನಾಗ ಆರು ವಾರ ಟ್ರೇನಿಂಗ್ ಮಾಡೀರಿ. ಏಪ್ರಿಲ್‌ನಾಗ ದಿಲ್ಲಿ ತಂಡ ಬರ್ತೈತಿ. ಹದಿನಾರೂ ಊರು ಒಂದ ಹಾಳ್ಯಾಗ ಕಾಣಬೇಕು. ಹಾಳಿ ತಿರುವ್ಯಾಕ ಅವರಿಗೆ ಪುರುಸೊತ್ತು ಇರಂಗಿಲ್ಲ," ಎಂದರು.

ಕಾಣಬೇಕಾದದ್ದು ನಾರುಹುಣ್ಣು. ಲಿಂಗಸುಗೂರಿಗೂ ಮಸ್ಕಿಗೂ ನಡುವಿನ ಹದಿನಾರು ಹಳ್ಳಿಗಳಲ್ಲಿ ಪ್ರತಿ ತಿಂಗಳು ಎಷ್ಟು ಜನರ ಕಾಲಿನಿಂದ ಹುಳ ಹೊರಬಂತು ಎಂಬುದು. ಒಂದು ವರ್ಷದಿಂದ ಈ ಅಂಕಿಗಳನ್ನು ಬರೆಯುತ್ತಿದ್ದೇನೆ, ಒಂದು ಹುಳವನ್ನೂ ನೋಡಿಲ್ಲ, ನೋಡುವ ಆಸೆಯೂ ಇಲ್ಲ. ಸಿಂಧನೂರಿನಲ್ಲಿ ಅಪ್ಪನ ಬಟ್ಟೆ ಅಂಗಡಿಯ ಮೇಲಿನ ಮನೆಯಲ್ಲಿ ಎರಡು ಹೊತ್ತು ಮಿಂದು ಬೆಳೆದವಳು ನಾನು. ಸ್ಟ್ಯಾಟಿಸ್ಟಿಕ್ಸ್ ಓದಿದ್ದೇ ಅಂಕಿಗಳಿಗೆ ವಾಸನೆ ಇರುವುದಿಲ್ಲ ಎಂಬ ಕಾರಣಕ್ಕೆ.

22 ಫೆಬ್ರುವರಿ, ಗುರುವಾರ

ಹತ್ತು ದಿನದಿಂದ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದೇನೆ. ಪರದೆಯನ್ನು ಚೌಕಾಬಾರದ ಹಾಗೆ ಮನೆ ಮನೆಯಾಗಿ, ಆದರೆ ಅಡ್ಡ ನಾಲ್ಕು, ಉದ್ದ ನಾಲ್ಕಾಗಿ ಕತ್ತರಿಸಿ ಒಂದೊಂದು ಮನೆಯಲ್ಲಿ ಒಂದೊಂದು ಊರಿನ ಗ್ರಾಫು ಕೂರಿಸಬೇಕು. ಮೊದಲು ಹದಿನಾರೂ ಊರುಗಳು ಒಂದರ ಮೇಲೊಂದು ಬಿದ್ದವು. ಆಮೇಲೆ ಎಲ್ಲವೂ ತಲೆಕೆಳಗಾದವು. ಈ ಯಂತ್ರ ಎತ್ತರವನ್ನು ಮೇಲಿನಿಂದ ಕೆಳಕ್ಕೆ ಎಣಿಸುತ್ತದೆಯಂತೆ. ಹದಿನಾರು ಬಾವಲಿಗಳು ನೇತಾಡಿದಂತೆ ಕಾಣುತ್ತಿತ್ತು. ಅದನ್ನು ಸರಿಮಾಡಿದರೆ ನಾಲ್ಕನೇ ಊರು ತನ್ನ ಸಾಲು ಬಿಟ್ಟು ಕೆಳಗಿನ ಸಾಲಿಗೆ ಹಾರಿತು. ಊರಿನ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿದರೆ ಭಾಗಲಬ್ಧ ಸಾಲು, ಶೇಷ ಕಂಬ ಎಂದು ಬರೆದಿದ್ದೆ. ಎಣಿಕೆ ಒಂದರಿಂದಲ್ಲ, ಸೊನ್ನೆಯಿಂದ ಶುರುವಾಗಬೇಕು ಎಂದು ಹೊಳೆಯುವ ಹೊತ್ತಿಗೆ ಕರೆಂಟು ಹೋಯಿತು. ಉಳಿಸಿಟ್ಟಿರಲಿಲ್ಲ. ಎಲ್ಲ ಹೋಯಿತು.

ಮೈಲಾರಲಿಂಗಪ್ಪ ಸಾಹೇಬರು ಬಂದು ಕಪ್ಪು ಪರದೆಯನ್ನು ನೋಡಿ, "ಹೂಂ, ನಡೀಲಿ," ಎಂದು ಹೋದರು.

2 ಮಾರ್ಚ್, ಶುಕ್ರವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆದು ಹೊರಗೆ ಹಾಕದಿದ್ದರೆ ಊಟ ಸೇರುವುದಿಲ್ಲ.

ಹುಣಸೆಗುಡ್ಡ ಎಂಬ ಊರಿನ ರಿಜಿಸ್ಟರಿನಲ್ಲಿ ಎಣ್ಣೆ ಚೆಲ್ಲಿ, ಅಂಕಿ ಮೂರೋ ಎಂಟೋ ತಿಳಿಯುತ್ತಿರಲಿಲ್ಲ. ಆ ಕಡೆಯ ಊರುಗಳನ್ನು ನೋಡಿಕೊಳ್ಳುವ ಆರೋಗ್ಯ ಕಾರ್ಯಕರ್ತೆ ಗ್ಯಾನಮ್ಮ, "ನೀವ ಬಂದು ಎಣಿಸ್ಕೊಂಡು ಹೋಗ್ರಿ ಅಕ್ಕಾರ," ಎಂದಳು. ಮಸ್ಕಿ ಬಸ್ಸಿನಲ್ಲಿ ಹೋದೆ. ಒಬ್ಬ ಮುದುಕ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದ. ಹಿಮ್ಮಡಿಯ ಮೇಲೆ ಬೊಬ್ಬೆ ಒಡೆದಿತ್ತು. ಅದರೊಳಗಿನಿಂದ ಬಿಳಿ ನೂಲಿನಂಥದ್ದು. ಗ್ಯಾನಮ್ಮ ಬೆಂಕಿಕಡ್ಡಿಗೆ ಅದರ ತುದಿ ಸುತ್ತಿ, ಒಂದು ಸುತ್ತು ಎಳೆದು, ನಿಲ್ಲಿಸಿ, ಮತ್ತೊಂದು ಸುತ್ತು ಎಳೆದಳು. ಅದು ಜೀವಂತ ಇತ್ತು.

ನಾನು ಬೇಲಿಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡೆ. ಮುದುಕ ನಕ್ಕ. ಗ್ಯಾನಮ್ಮ ನಗಲಿಲ್ಲ. ಅದೇ ಕೈಯಲ್ಲಿ ಚೊಂಬು ಹಿಡಿದು, "ಬಾಯಿ ತೊಳಕೊಳ್ರಿ," ಎಂದಳು. ಮುಟ್ಟಲಿಲ್ಲ. ಬಾಯಿ ತೊಳೆಯದೆ ಲಿಂಗಸುಗೂರಿನವರೆಗೂ ಬಂದೆ.

ಅಂಕಿ ಮೂರು.

15 ಮಾರ್ಚ್, ಗುರುವಾರ

ಹದಿನಾರು ಮನೆ ಕುಳಿತವು! ಬಸ್ಸು ಹೋಗುವ ದಾರಿಯ ಕ್ರಮದಲ್ಲಿ ಊರುಗಳನ್ನು ಜೋಡಿಸಿದ್ದೇನೆ. ಕೊನೆಯದು, ಹದಿನಾರನೆಯದು, ಗುಡ್ಡದಾಚೆಯ ಕಾಗಿದಿನ್ನಿ. ಪ್ರಿಂಟರು ಕಿರಗುಟ್ಟಿ ಕಿರಗುಟ್ಟಿ ಹಾಳೆಯನ್ನು ಅಡ್ಡಕ್ಕೆ ಉಗುಳಿತು.

ಗ್ಯಾನಮ್ಮ ರಿಜಿಸ್ಟರು ಕೊಡಲು ಬಂದವಳು ಹಾಳೆ ನೋಡಿದಳು. ಅವಳಿಗೆ ಗ್ರಾಫು ಏನು ತಿಳಿಯುತ್ತದೆ ಎಂದುಕೊಂಡಿದ್ದೆ. "ಹುಣಸೆಗುಡ್ಡದಾಗ ಮೂರ ಮಂದಿ. ಬಸರಿಕಟ್ಟ್ಯಾಗ ನಲವತ್ತು. ಎರಡೂ ಮನ್ಯಾಗ ಈ ಗೆರಿ ಗುಡ್ಡ ಒಂದ ಎತ್ತರ ಯಾಕ ಐತ್ರಿ?" ಎಂದು ಕೇಳಿದಳು.

ಪ್ರತಿ ಊರಿಗೂ ಅದರದರ ಅಳತೆ ಹಾಕಿದ್ದೆ. ಮೂರು ಎಂಬ ಅಂಕಿಯೂ ಮನೆಯ ಸೂರು ಮುಟ್ಟುತ್ತಿತ್ತು, ನಲವತ್ತೂ ಮುಟ್ಟುತ್ತಿತ್ತು. ಸಿಟ್ಟು ಬಂತು, ಅವಳ ಮೇಲೆ. ಅವಳು ಹೋದ ಮೇಲೆ ಎಲ್ಲ ಊರಿಗೂ ಒಂದೇ ಅಳತೆ ಹಾಕಿದೆ. ಈಗ ನೋಡಿದರೆ ಸಾಕು: ಎಲ್ಲ ಮನೆಯಲ್ಲೂ ಬೇಸಿಗೆಗೊಂದು ಗುಡ್ಡ, ಕೆಲವು ಸಣ್ಣ, ಕೆಲವು ದೊಡ್ಡ. ಹದಿನಾರನೇ ಮನೆಯಲ್ಲಿ ಮಾತ್ರ 88ರ ಬೇಸಿಗೆಯಲ್ಲಿ ಎತ್ತರದ ಗುಡ್ಡ. 89ರ ಜನವರಿಯಿಂದ ಬೋಳು ಗೆರೆ. ಸೊನ್ನೆ, ಸೊನ್ನೆ, ಸೊನ್ನೆ.

ಕಡತ ತೆಗೆದೆ. ಆ ಊರಿಗೆ 88ರ ಡಿಸೆಂಬರಿನಲ್ಲಿ ಕೊಳವೆ ಕೊರೆದು ಬೋರಿಂಗ್ ಪಂಪು ಹಾಕಿದ್ದಾರೆ. ಮರುತಿಂಗಳೇ ಹುಳ ನಿಂತಿದೆ. ಆದರೆ ಬಾವಿಯ ನೀರಿನ ಜೊತೆ ಒಳಗೆ ಹೋದ ಹುಳ ಕಾಲಿನಿಂದ ಹೊರಬರಲು ಒಂದು ವರ್ಷ ಬೇಕು. ಬಾವಿ ಬಿಟ್ಟರೂ ಮುಂದಿನ ಬೇಸಿಗೆಯಲ್ಲಿ ಗುಡ್ಡ ಇರಲೇಬೇಕು. ಮೈಯೊಳಗೆ ಆಗಲೇ ಇದ್ದ ಹುಳಗಳಿಗೆ ಬೋರಿಂಗ್ ಬಂದ ಸುದ್ದಿ ಹೇಳಿದವರು ಯಾರು?

ಗುಮಾಸ್ತರನ್ನು ಕೇಳಿದೆ. ಆ ಜನವರಿಯಲ್ಲಿ ಕಾಗಿದಿನ್ನಿಗೆ 'ನಾರುಮುಕ್ತ ಗ್ರಾಮ' ಎಂಬ ಬೋರ್ಡು ಹಾಕಿದ್ದಾರೆ. ಮುಕ್ತವಾದ ಊರಿಗೆ ಯಾಕೆ ಹೋಗಬೇಕೆಂದು ಯಾರೂ ಹೋಗಿಲ್ಲ. ಸೊನ್ನೆ ತುಂಬಿದವರು ಯಾರು ಎಂದು ಕೇಳಲಿಲ್ಲ. ಕಳೆದ ವರ್ಷದ ಫೆಬ್ರುವರಿಯಿಂದ ಆ ಅಕ್ಷರ ನನ್ನದೇ.

27 ಮಾರ್ಚ್, ಯುಗಾದಿ. ಸಿಂಧನೂರು

ಅವ್ವ ಶಾವಿಗೆ ಪಾಯಸ ಮಾಡಿದ್ದಳು. ಬಟ್ಟಲಲ್ಲಿ ಬಿಳಿ ಎಳೆಗಳು ಹಾಲಿನಲ್ಲಿ ತೇಲುತ್ತಿದ್ದವು. ಎದ್ದುಬಿಟ್ಟೆ. "ಹಬ್ಬದ ದಿನ ಎಲಿ ಮುಂದಿಂದ ಏಳ್ತಾರೇನಬೇ?" ಎಂದು ಬೈದಳು. ಹೇಳಲಿಲ್ಲ. ಹೇಳಿದರೆ ಅವಳೂ ಇನ್ನೆಂದೂ ತಿನ್ನುತ್ತಿರಲಿಲ್ಲ.

30 ಮಾರ್ಚ್, ಶುಕ್ರವಾರ

ಕಾಗಿದಿನ್ನಿಗೆ ಹೋಗಿ ಬಂದೆ. ಯಾರೂ ಕಳಿಸಲಿಲ್ಲ. ಆ ಬೋಳು ಗೆರೆ ಕಣ್ಣಿಗೆ ಕಸ ಬಿದ್ದ ಹಾಗೆ ಚುಚ್ಚುತ್ತಿತ್ತು, ಅಷ್ಟೇ. ಗ್ಯಾನಮ್ಮನನ್ನೂ ಕರೆದುಕೊಂಡು ಹೋದೆ.

ಊರ ಬಾಯಲ್ಲಿ ಬೋರ್ಡು. ಅದರ ಕೆಳಗೆ ಸೆಗಣಿ. ಬೋರಿಂಗ್ ಇದೆ, ಒತ್ತಿದರೆ ನೀರೂ ಬರುತ್ತದೆ, ಬಾಯಿಗೆ ಇಟ್ಟರೆ ಉಪ್ಪು. ಆ ಸವಳು ನೀರನ್ನು ಎಮ್ಮೆಯೂ ಕುಡಿಯುವುದಿಲ್ಲವಂತೆ. ಎಲ್ಲರೂ ಹಳೆಯ ಮೆಟ್ಟಿಲ ಬಾವಿಗೇ ಇಳಿಯುತ್ತಾರೆ. ಹುಣ್ಣಿನ ಕಾಲನ್ನೂ ಅದ್ದುತ್ತಾರೆ, ಕೊಡವನ್ನೂ ಅದ್ದುತ್ತಾರೆ. ಹುಳ ಆ ನೀರಿನಲ್ಲೇ ಮರಿ ಬಿಡುತ್ತದೆ. ಆ ನೀರನ್ನೇ ಕುಡಿಯುತ್ತಾರೆ. ನಾನು ಬಾವಿಯ ಅಂಚಿಗೂ ಹೋಗಲಿಲ್ಲ.

ಕರೆಮ್ಮ ಎಂಬವಳ ಮನೆಯೊಂದರಲ್ಲೇ ಮೂವರು. ಅವಳು, ಗಂಡ, ಅತ್ತೆ. ಕರೆಮ್ಮನಿಗೆ ಮೂವತ್ತೂ ಆಗಿರಲಿಕ್ಕಿಲ್ಲ. ಕಾಲುವೆ ಸೀಮೆಯಲ್ಲಿ ಭತ್ತದ ಕೊಯ್ಲಿಗೆ ಇನ್ನು ಹದಿನೈದು ದಿನದಲ್ಲಿ ಜವಳಗೇರಾಕ್ಕೆ ಹೋಗಬೇಕಿತ್ತಂತೆ.

"ನಮ್ಮೂರಾಗ ನಾರು ಇಲ್ಲಂತ ಬೋರ್ಡಿನ್ಯಾಗ ಬರದಾರಂತಲ್ರೀ ಯವ್ವಾ. ಹಂಗಾರ ನನ್ನ ಕಾಲಾಗ ಇರೋದು ಏನ್ರಿ ಇದು?" ಎಂದು ಕಾಲನ್ನು ನನ್ನ ಕಡೆ ಚಾಚಿದಳು. ಸೀರೆ ಎಳೆದುಕೊಂಡು ಹಿಂದೆ ಸರಿದೆ. ಅವಳು ಅದನ್ನು ನೋಡಿದಳು.

ಒಟ್ಟು ಇಪ್ಪತ್ಮೂರು.

3 ಏಪ್ರಿಲ್, ಮಂಗಳವಾರ

ಸಾಹೇಬರ ಮುಂದೆ ಹಾಳೆ ಇಟ್ಟೆ.

"ಯಾರು ಹೇಳಿದ್ರು ನಿಮಗ ಹೋಗಂತ?"

"ಯಾರೂ ಹೇಳಿಲ್ಲ ಸರ್. ಇಪ್ಪತ್ಮೂರು ಮಂದಿ ಅದಾರ."

"ದೊಡ್ಡ ದೊಡ್ಡೋರು ಬಂದು ಆ ಬೋರ್ಡಿನ ಪರದಿ ಸರಿಸ್ಯಾರ. ಈಗ ಅದನ್ನ ಕಿತ್ತು ನಾ ತಲಿ ಮ್ಯಾಲ ಹೊತ್ಕೊಂಡು ಬರ್ಲೇನು?"

"ಸೊನ್ನಿ ಅಂತ ಹೆಂಗ ಬರೀಲಿ ಸರ್?"

ಅವರು ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದರು. ಮುಚ್ಚಳದ ತುದಿಯನ್ನು ನೋಡಿ ಫೈಲಿಗೆ ಒರೆಸಿದರು. "ಸೊನ್ನಿ ಬರೀಬ್ಯಾಡ್ರಿ. ಸುಳ್ಳು ಬರೀರಿ ಅಂತ ನಾ ಎಂದೂ ಅನ್ನಂಗಿಲ್ಲ. ಮುಕ್ತ ಆದ ಊರು ನಮ್ಮ ಯೋಜನಿಯೊಳಗ ಬರಂಗನ ಇಲ್ಲ. ಹದಿನೈದ ಊರು ತೋರಿಸ್ರಿ. ಅಡ್ಡ ಐದು, ಉದ್ದ ಮೂರು. ಹಾಳಿ ನೋಡಾಕೂ ಛಂದ ಕಾಣ್ತೈತಿ."

ಹೊರಗೆ ಬಂದು ಕೈ ತೊಳೆದೆ. ಅವರ ಮೇಜನ್ನಷ್ಟೇ ಮುಟ್ಟಿದ್ದೆ.

5 ಏಪ್ರಿಲ್, ಗುರುವಾರ

ಪ್ರೋಗ್ರಾಮಿನಲ್ಲಿ ಮೂರು ಅಂಕಿ ಬದಲಿಸಿದೆ. ಹದಿನಾರು ಹದಿನೈದಾಯಿತು, ಅಡ್ಡ ನಾಲ್ಕು ಐದಾಯಿತು, ಉದ್ದ ನಾಲ್ಕು ಮೂರಾಯಿತು. ಒಂದು ನಿಮಿಷವೂ ಹಿಡಿಯಲಿಲ್ಲ. ಮನೆಗಳೆಲ್ಲ ತಾವಾಗಿಯೇ ಸರಿದು ಹೊಸ ಜಾಗದಲ್ಲಿ ಕುಳಿತವು. ಕಾಗಿದಿನ್ನಿ ಇದ್ದ ಜಾಗ ಖಾಲಿ ಕೂಡ ಕಾಣುವುದಿಲ್ಲ. ಅಷ್ಟು ಅಚ್ಚುಕಟ್ಟಾಗಿ ಬರೆದಿದ್ದೇನೆ ನಾನು.

ಹಾಳೆ ನಿಜಕ್ಕೂ ಮೊದಲಿಗಿಂತ ಛಂದ ಕಾಣುತ್ತಿದೆ. ಥೂ.

9 ಏಪ್ರಿಲ್, ಸೋಮವಾರ

ದಿಲ್ಲಿಯವರು ಬಂದರು, ಒಂದೂವರೆ ತಾಸು ಇದ್ದರು. ಹಾಳೆಯನ್ನು ಮೆಚ್ಚಿದರು. ಎಲ್ಲ ಊರಿಗೂ ಒಂದೇ ಅಳತೆ ಹಾಕಿರುವುದು ಪ್ರಾಮಾಣಿಕ ಕೆಲಸ ಎಂದು ಅವರಲ್ಲೊಬ್ಬರು ಇಂಗ್ಲಿಷಿನಲ್ಲಿ ಹೇಳಿದರು. ಪ್ರಾಮಾಣಿಕ! ಸಾಹೇಬರು ತಮ್ಮ ಬೆರಳುಗಳಿಂದಲೇ ಪೇಢೆ ಎತ್ತಿ ನನ್ನ ಅಂಗೈಗೆ ಒತ್ತಿದರು. ಹಿತ್ತಲಿಗೆ ಹೋಗಿ ಚರಂಡಿಗೆ ಎಸೆದೆ. ಹಂದಿ ಮೂಸಿ, ತಿಂದಿತು.

ಹಾಳೆಯ ಮೇಲೆ ದಿಲ್ಲಿಯವರು ಸಹಿ ಮಾಡಿದರು. ಅದರ ಪ್ರತಿಗಳು ಎಲ್ಲ ಇಲಾಖೆಗಳಿಗೂ ಹೋಗುತ್ತವೆ.

21 ಏಪ್ರಿಲ್

ಸೆಕೆ. ಬರೆಯುವಂಥದ್ದು ಏನೂ ಇಲ್ಲ. ಊಟ ರುಚಿಸುತ್ತಿಲ್ಲ.

2 ಮೇ

ಅದೇ.

14 ಮೇ, ಸೋಮವಾರ

ಮೆಟ್ಟಿಲ ಬಾವಿಗಳ ಮೆಟ್ಟಿಲು ಮುಚ್ಚಿ, ಸುತ್ತ ಕಟ್ಟೆ ಕಟ್ಟಿ, ಮೇಲಿನಿಂದ ಸೇದಲು ರಾಟೆ ಹಾಕುವ ಕೆಲಸ ಶುರುವಾಗಿದೆ. ಹಾಗೆ ಮಾಡಿದರೆ ಹುಣ್ಣಿನ ಕಾಲು ನೀರಿಗೆ ಇಳಿಯುವುದಿಲ್ಲ. ಕೆಲಸ ನೋಡಿಕೊಳ್ಳುವ ಇಂಜಿನಿಯರ್ ಜಂಬಣ್ಣ ಆಫೀಸಿಗೆ ಬಂದಿದ್ದರು. ಜೇಬಿನಲ್ಲಿ ನನ್ನ ಹಾಳೆಯ ಜೆರಾಕ್ಸ್, ಬೆವರಿಗೆ ಒದ್ದೆಯಾಗಿ ಮೆತ್ತಗಾಗಿತ್ತು.

"ಕಾಗಿದಿನ್ನಿ ಬಾವಿ ಯಾವಾಗ್ರಿ?" ಎಂದೆ.

"ಅದು ನಿಮ್ಮ ಹಾಳ್ಯಾಗ ಇಲ್ಲಲ್ರಿ ಮೇಡಂ. ಹದಿನೈದು ಮನಿ, ಹದಿನೈದು ಬಾವಿ. ನಾ ಈ ಹಾಳಿ ನೋಡೇ ಪಟ್ಟಿ ಮಾಡೀನಿ."

"ಅಲ್ಲೂ ನಾರು ಐತ್ರಿ."

ಅವರು ಹಾಳೆ ತಿರುಗಿಸಿ ಹಿಂದೆಯೂ ನೋಡಿದರು. ಕೆಟ್ಟ ಮನುಷ್ಯ ಅಲ್ಲ. "ಐತಿ ಅಂತ ಹಿಂಥದ ಒಂದು ಹಾಳಿ ಕೊಡ್ರಿ. ನಾಳೆ ಕಲ್ಲು ಇಳಸ್ತೀನಿ. ಬರೇ ಮಾತಿನ ಮ್ಯಾಲ ಇಳಸಾಕ ಬರಂಗಿಲ್ರಿ."

16 ಮೇ, ಬುಧವಾರ

ಗ್ಯಾನಮ್ಮನ ಜೊತೆ ಮತ್ತೆ ಕಾಗಿದಿನ್ನಿಗೆ. ಇಪ್ಪತ್ಮೂರು ಈಗ ಮೂವತ್ತೊಂದು. ಕರೆಮ್ಮನ ಕಾಲಿನ ಹುಳ ಎಳೆಯುವಾಗ ಒಳಗೇ ಹರಿದು, ಮೊಣಕಾಲಿನವರೆಗೂ ಬಾತು, ಕೀವಾಗಿದೆ. ಕೊಯ್ಲಿಗೆ ಹೋಗಿಲ್ಲ. ಗಂಡನೂ ಹೋಗಿಲ್ಲ. ಗ್ಯಾನಮ್ಮ ಕೀವು ತೆಗೆಯುವಾಗ ಕಾಲು ಹಿಡಿಯಲು ಯಾರಾದರೂ ಬೇಕಿತ್ತು. ಬೇರೆ ಯಾರೂ ಇರಲಿಲ್ಲ, ನಾನೇ ಹಿಡಿದೆ. ಅರ್ಧ ತಾಸು ಹಿಡಿಯಿತು. ಕರೆಮ್ಮ ಸೆರಗು ಕಚ್ಚಿಕೊಂಡಿದ್ದಳು, ಕೂಗಲಿಲ್ಲ.

ಆಮೇಲೆ ಬಾವಿ ನೋಡಲು ಇಳಿದೆ. ಕರೆಮ್ಮನ ಮಗಳು ಗದ್ದೆಮ್ಮ, ಏಳು ವರ್ಷದವಳಿರಬೇಕು, ಕೊನೆಯ ಮೆಟ್ಟಿಲ ಮೇಲೆ ಕುಳಿತು ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದಳು.

"ಕುಡೀಬ್ಯಾಡವ್ವಾ, ಅರಿವ್ಯಾಗ ಸೋಸಿ ಕುಡಿ," ಎಂದೆ.

"ಅರಿವಿ ಎಲ್ಲೈತ್ರಿ?" ಎಂದಳು.

ಸೋಸುವ ಬಟ್ಟೆಯನ್ನು ಹಾಳೆಯಲ್ಲಿರುವ ಹದಿನೈದು ಊರುಗಳಿಗೆ ಹಂಚಿದ್ದೇವೆ.

ಆಫೀಸಿಗೆ ಬಂದಾಗ ಸಾಹೇಬರು ಕಲ್ಲಂಗಡಿ ತಿಂದು ಬೀಜವನ್ನು ನನ್ನ ಕಸದ ಬುಟ್ಟಿಗೆ ಉಗುಳುತ್ತಿದ್ದರು. ಈ ಮನುಷ್ಯನ ಹೊಲಸಿಗೆ ಮಿತಿ ಇಲ್ಲ.

18 ಮೇ, ಶುಕ್ರವಾರ

ಪ್ರೋಗ್ರಾಮಿನ ಆ ಮೂರು ಅಂಕಿಗಳನ್ನು ಮೊದಲಿನಂತೆ ಮಾಡಿದೆ. ಕಾಗಿದಿನ್ನಿಗೆ ಮಾರ್ಚಿನಲ್ಲಿ ಇಪ್ಪತ್ಮೂರು, ಮೇನಲ್ಲಿ ಎಂಟು ತುಂಬಿದೆ. 89ರ ಜನವರಿಯಿಂದ ಇಟ್ಟಿದ್ದ ಸೊನ್ನೆಗಳನ್ನು ಅಳಿಸಿ 'ಹೋಗಿ ನೋಡಿಲ್ಲ' ಎಂದು ಬರೆದೆ. ಮೂವತ್ತೊಂದು ಜನರ ಹೆಸರಿನ ಪಟ್ಟಿ, ಹೆಬ್ಬೆಟ್ಟಿನ ಗುರುತುಗಳ ಸಮೇತ, ಹಾಳೆಯ ಹಿಂದೆ ಲಗತ್ತಿಸಿದೆ. ಕೆಳಗೆ ನನ್ನ ಸಹಿ. ಜಂಬಣ್ಣನವರಿಗೆ ಒಂದು ಪ್ರತಿ, ಜಿಲ್ಲೆಯ ದೊಡ್ಡ ಆಫೀಸಿಗೆ ಒಂದು.

24 ಮೇ, ಗುರುವಾರ

ಜಿಲ್ಲೆಯಿಂದ ಫೋನು ಬಂತು: ಎರಡು ಹಾಳೆ ಹೇಗೆ ಬಂದವು? ಸಾಹೇಬರು ಬಾಗಿಲು ಹಾಕಿ ಕೂಗಾಡಿದರು. ಮೇಲಿನ ತುಟಿಯ ಬೆವರು ಮೀಸೆಯಿಂದ ಮೇಜಿನ ಮೇಲೆ ಹನಿಯುತ್ತಿತ್ತು. ಕೂಗಿ ಸುಸ್ತಾದ ಮೇಲೆ ದನಿ ತಗ್ಗಿಸಿ, "ಒಂದು ಕೆಲಸ ಮಾಡ್ರಿ. ಹಿಂದಿನ ಹಾಳ್ಯಾಗ ಆ ಊರು ಬಿಟ್ಟುಹೋಗಿದ್ದು ಕಂಪ್ಯೂಟರಿನ ತಪ್ಪು, ನಿಮ್ಮ ಪ್ರೋಗ್ರಾಮಿನ ತಪ್ಪು ಅಂತ ಬರಕೊಡ್ರಿ. ನಾ ಹೊಸ ಹಾಳಿಗೆ ಇವತ್ತ ಸಹಿ ಹಾಕ್ತೀನಿ, ಬಾವಿ ಆಗ್ತೈತಿ. ಇಲ್ಲಂದ್ರ ವಿಚಾರಣಿ ನಡೀಲಿ. ಎರಡು ವರ್ಷ ನಡೀತೈತಿ. ಬಾವಿ ಹಂಗ ಇರ್ತೈತಿ," ಎಂದರು.

ಬರೆದುಕೊಟ್ಟೆ. ಪ್ರೋಗ್ರಾಮಿನಲ್ಲಿ ಮೂರು ಅಂಕಿಗಳನ್ನು ನಾನು ತಪ್ಪಾಗಿ ಹಾಕಿದ್ದರಿಂದ ಒಂದು ಗ್ರಾಮ ಬಿಟ್ಟುಹೋಗಿದೆ ಎಂದು. ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ.

11 ಜೂನ್, ಸೋಮವಾರ

ಕಾಗಿದಿನ್ನಿಯ ಮೆಟ್ಟಿಲು ಮುಚ್ಚಿದರು. ಮಳೆ ಬರುವುದರೊಳಗೆ ಮುಗಿಯಬೇಕೆಂದು ಜಂಬಣ್ಣ ತಾವೇ ನಿಂತು ಕಲ್ಲು ಹಾಕಿಸಿದರು. ಗ್ಯಾನಮ್ಮ ಮನೆಮನೆಗೆ ಸೋಸುವ ಬಟ್ಟೆ ಹಂಚಿದಳು. ಊರವರು ಹೂವಿನ ಹಾರ ಹಾಕುತ್ತಾರೆ ಎಂದು ನಾನೇನೂ ಅಂದುಕೊಂಡಿರಲಿಲ್ಲ, ಆದರೆ ಬೈಗುಳ ತಿನ್ನುವೆ ಎಂದೂ ಅಂದುಕೊಂಡಿರಲಿಲ್ಲ. ಕರೆಮ್ಮನ ಅತ್ತೆ, "ನಾಲ್ಕು ಮೆಟ್ಟಲ ಇಳದು ತುಂಬ್ಕೊಳ್ಳೋ ನೀರಿಗೆ ಈ ವಯಸ್ಸಿನ್ಯಾಗ ಹಗ್ಗ ಜಗ್ಗಬೇಕೇನು? ನಿಮ್ಮ ಮನಿ ಹಾಳಾಗ್ಲಿ," ಎಂದಳು. ಕರೆಮ್ಮ ಕುಂಟುತ್ತ ಬಂದು ಅತ್ತೆಯ ಕೈಯಿಂದ ಹಗ್ಗ ಕಸಿದುಕೊಂಡು ಮೊದಲ ಕೊಡ ಸೇದಿದಳು. ನನ್ನನ್ನು ನೋಡಲೂ ಇಲ್ಲ.

ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಕರೆಮ್ಮನ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ ಉಂಡೆ. ಪಲ್ಯಕ್ಕೆ ಉಪ್ಪು ಜಾಸ್ತಿ. ಸಂಜೆಯ ಬಸ್ಸು ತಪ್ಪಿತು, ಟ್ರ್ಯಾಕ್ಟರಿನಲ್ಲಿ ಮಸ್ಕಿಗೆ ಬಂದೆ. ಅಂತೂ ಮುಗಿಯಿತು.

20 ಮೇ 1991, ಸೋಮವಾರ

ಬಹಳ ದಿನವಾಯಿತು ಬರೆದು. ಮೈಲಾರಲಿಂಗಪ್ಪನವರು ಬಡ್ತಿ ಪಡೆದು ಹೋದರು. ಹೊಸ ಸಾಹೇಬರು ಮೊನ್ನೆ ಹದಿನಾರು ಮನೆಗಳ ಹಾಳೆ ನೋಡಿ ಕೈ ಕುಲುಕಿದರು. ಹೆಚ್ಚಿನ ಮನೆಗಳಲ್ಲಿ ಗುಡ್ಡಗಳು ಕರಗಿ ನೆಲಕ್ಕೆ ಬಂದಿವೆ. ಕಾಗಿದಿನ್ನಿಯಲ್ಲಿ ಈ ಬೇಸಿಗೆ ಏಳು ಜನ. "ಮೂವತ್ತೊಂದರಿಂದ ಏಳು! ಇದಕ್ಕಿಂತ ಏನು ಬೇಕ್ರಿ?" ಎಂದರು.

ನಾನು ಕುಳಿತು ಲೆಕ್ಕ ಹಾಕಿದೆ. ದಿಲ್ಲಿಯವರು ಹದಿನೈದು ಮನೆಗಳ ಹಾಳೆಗೆ ಸಹಿ ಮಾಡಿದ್ದು ಕಳೆದ ವರ್ಷ ಏಪ್ರಿಲ್ ಒಂಬತ್ತು. ಮೆಟ್ಟಿಲು ಮುಚ್ಚಿದ್ದು ಜೂನ್ ಹನ್ನೊಂದು. ನಡುವೆ ಒಂಬತ್ತು ವಾರ. ಅಂದು ಹದಿನಾರು ಮನೆ ತೋರಿಸಿದ್ದರೆ ಕಾಗಿದಿನ್ನಿಯ ಬಾವಿ ಮೊದಲ ವಾರದಲ್ಲೇ ಮುಚ್ಚುತ್ತಿತ್ತು ಎಂದು ಹೇಳಲಾರೆ. ಸೋಸುವ ಬಟ್ಟೆಯಂತೂ ಹೋಗುತ್ತಿತ್ತು. ಈ ಏಳರಲ್ಲಿ ಎಷ್ಟು ಜನ ಆ ಒಂಬತ್ತು ವಾರದವರು ಎಂದು ಯಾವ ಪ್ರೋಗ್ರಾಮೂ ವಿಂಗಡಿಸಲಾರದು.

ಒಬ್ಬಳನ್ನು ಬಿಟ್ಟು. ಏಳನೆಯವಳು ಗದ್ದೆಮ್ಮ. ಇವತ್ತು ಕಾಗಿದಿನ್ನಿಗೆ ಹೋದಾಗ ಕರೆಮ್ಮ ಹೇಳಿದಳು: "ಹುಟ್ಟಿದಾಗಿಂದ ಬಳಗಾನೂರಾಗ ನಮ್ಮವ್ವನ ಕಡಿ ಇದ್ಲುರಿ, ಕಾಲುವಿ ನೀರು ಕುಡದು ಬೆಳದಾಕಿ. ನನ್ನ ಕಾಲು ಕೆಟ್ಟಾಗ ಮನಿ ಕೆಲಸಕ್ಕಂತ ಹೋದ ವರ್ಷ ಏಪ್ರಿಲ್ ಕಡೀಗೆ ಕರಸ್ಕೊಂಡೆ. ಆ ಬಾವಿ ನೀರು ಆಕಿ ಸೋಸದ ಕುಡದಿದ್ದು ಆಗ ಅಷ್ಟ."

ಗ್ಯಾನಮ್ಮ ರಜೆಯಲ್ಲಿದ್ದಾಳೆ. ಹುಡುಗಿಯ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನೇ ಕಡ್ಡಿಗೆ ಸುತ್ತಿದೆ. ಅವಸರ ಮಾಡಿದರೆ ಹರಿಯುತ್ತದೆ. ಒಂದು ಸುತ್ತು ಎಳೆದು, ಅದು ತಾನಾಗಿ ಸಡಿಲವಾಗುವವರೆಗೆ ಕಾಯಬೇಕು. ಹುಡುಗಿ ಅಳಲಿಲ್ಲ. ಬಗ್ಗಿ ನೋಡುತ್ತಿದ್ದಳು.

"ಇದು ನನ್ನೊಳಗ ಯಾವಾಗ ಹೋತ್ರಿ?" ಎಂದು ಕೇಳಿದಳು.

"ಹೋದ ಬ್ಯಾಸಗ್ಯಾಗ," ಎಂದೆ.

ನಾಲ್ಕು ಬೆರಳಷ್ಟು ಬಂದಿದೆ. ಇನ್ನೂ ಒಂದು ಮೊಳ ಇರಬಹುದು. ನಾಳೆ ಬೆಳಿಗ್ಗೆ ಏಳರ ಬಸ್ಸಿಗೇ ಹೋಗಬೇಕು. ಹೊತ್ತೇರಿದರೆ ಕಟ್ಟಿದ ಬಟ್ಟೆ ಒಣಗಿ ಹುಣ್ಣಿಗೆ ಅಂಟುತ್ತದೆ, ಬಿಡಿಸುವಾಗ ಅವಳಿಗೆ ನೋಯುತ್ತದೆ.